ದೊಡ್ಡಪ್ಪನ ಕೈಗೆ ಕೊಟ್ಟ ವಿಮಾನ

ದೊಡ್ಡಪ್ಪನ ಮೇಲಿನ ಸಿಟ್ಟನ್ನು ನಾನು ಊಟಕ್ಕೆ ಕೂತು ಕಲಿತೆ. ಚನ್ನಗಿರಿಯ ನಮ್ಮ ಮನೆಯಲ್ಲಿ ಅವರ ಲಿಂಗಪೂಜೆ ಮುಗಿಯುವವರೆಗೆ ಯಾರೂ ತುತ್ತೆತ್ತುವಂತಿರಲಿಲ್ಲ. ಹಣೆ ತುಂಬ ವಿಭೂತಿ ಬಳಿದುಕೊಂಡು ಅವರು ನಡುಮನೆಗೆ ಬಂದು, ಮಣೆ ಎಳೆದುಕೊಂಡು ಕೂತ ಮೇಲೆ ತಟ್ಟೆಗಳು ಬರುತ್ತಿದ್ದವು. ಮೊದಲ ರೊಟ್ಟಿ ಅವರಿಗೆ, ಆಮೇಲೆ ಅವರ ಮಗ ಬಸವರಾಜಣ್ಣನಿಗೆ, ಆಮೇಲೆ ಅಂಗಡಿಯ ಗುಮಾಸ್ತ ಬಂದಿದ್ದರೆ ಅವನಿಗೆ. ನಮ್ಮಪ್ಪನ ತಟ್ಟೆಗೆ ರೊಟ್ಟಿ ಬೀಳುತ್ತಿದ್ದದ್ದು ಗುಮಾಸ್ತನ ನಂತರ. ಬಡಿಸುತ್ತಿದ್ದ ದೊಡ್ಡವ್ವ ಬೆಣ್ಣೆಯ ಬಟ್ಟಲು ಹಿಡಿದು ಅಪ್ಪನ ಮುಂದೆ ಬಂದಾಗ ಒಂದು ಗಳಿಗೆ ನಿಂತು ದೊಡ್ಡಪ್ಪನ ಮುಖ ನೋಡುತ್ತಿದ್ದಳು. ಅವರು ಕಣ್ಣಲ್ಲೇ ಹೂಂ ಅಂದರೆ ಬೆಣ್ಣೆ, ಇಲ್ಲದಿದ್ದರೆ ಬರೀ ಚಟ್ನಿ. ಅಪ್ಪ ಎರಡನ್ನೂ ಒಂದೇ ಮುಖದಲ್ಲಿ ಉಣ್ಣುತ್ತಿದ್ದ. ಇಲ್ಲಿ ದೊಡ್ಡಪ್ಪನನ್ನು ಬಹುವಚನದಲ್ಲಿ ಬರೆಯುತ್ತಿದ್ದೇನೆ, ಅದು ಕೈಗೆ ಹತ್ತಿದ ಅಭ್ಯಾಸ. ಮನಸ್ಸಿನೊಳಗೆ ಅವರು ಎಂದೂ ಏಕವಚನವೇ.

ಅಪ್ಪ ವಾಯುಪಡೆಯಲ್ಲಿ ವಿಮಾನಗಳ ಮೈ, ರೆಕ್ಕೆ ರಿಪೇರಿ ಮಾಡುವ ಕೆಲಸದಲ್ಲಿದ್ದವನು. ಸೇವೆಯ ಅವಧಿ ಮುಗಿಸಿ, ತಲೆಗೂದಲು ಇನ್ನೂ ಕಪ್ಪಗಿರುವಾಗಲೇ ಊರಿಗೆ ಮರಳಿದ್ದ. ದೊಡ್ಡಪ್ಪನದು ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗೊಬ್ಬರ ಮತ್ತು ಬೀಜದ ಅಂಗಡಿ. ಊರಿನವರಿಗೆಲ್ಲ ಅವರು ಸಾಹುಕಾರ್ರು. ಅಪ್ಪ ಆ ಅಂಗಡಿಯಲ್ಲಿ ಚೀಲ ಇಳಿಸುತ್ತ, ತೂಕ ಹಾಕುತ್ತ, ಅಣ್ಣನ ಮಾತು ಕೇಳುತ್ತ ದಿನ ಕಳೆಯುತ್ತಿದ್ದ. ಹೊಸ ಗಿರಾಕಿ ಬಂದರೆ ದೊಡ್ಡಪ್ಪ ತಮ್ಮನ್ನು ಪರಿಚಯಿಸಿಕೊಂಡ ಮೇಲೆ ತಮ್ಮನನ್ನೂ ಪರಿಚಯಿಸುತ್ತಿದ್ದರು.

"ಇವ್ನು ಏರ್‌ಫೋರ್ಸ್‌ನಾಗೆ ಏನ್ ಮಾಡ್ತಿದ್ದ ಗೊತ್ತೇನ್ರಿ? ವಿಮಾನ ತೊಳೀತಿದ್ದ. ನಾವಿಲ್ಲಿ ಎಮ್ಮೆ ತೊಳೀತೀವಲ್ಲ, ಹಂಗೆ."

ಗಿರಾಕಿ ನಗುತ್ತಿದ್ದ. ಅಪ್ಪನೂ ನಗುತ್ತಿದ್ದ. ಆ ನಗು ಕಂಡರೆ ನನಗೆ ತಕ್ಕಡಿಯ ಕಲ್ಲು ಎತ್ತಿ ಯಾರಿಗಾದರೂ ಬೀಸಬೇಕು ಅನ್ನಿಸುತ್ತಿತ್ತು. ಅವ್ವನ ಪಾಲಿಗೆ ಬೇರೆಯ ಮಾತು ಮೀಸಲಿತ್ತು. ಅವ್ವನ ತವರು ಜಗಳೂರು. ಸಾರಿಗೆ ಉಪ್ಪು ಹೆಚ್ಚಾಗಲಿ, ಹಂಡೆಯ ನೀರು ಬೇಗ ಮುಗಿಯಲಿ, ದೊಡ್ಡಪ್ಪ ಗೋಡೆಗೆ ಹೇಳುವಂತೆ ಹೇಳುತ್ತಿದ್ದರು:

"ಜಗಳೂರಿನೋರು. ಊರ ಹೆಸರಿನಾಗೇ ಜಗಳ ಐತೆ, ನೀರೊಂದೇ ಇಲ್ಲ."

ಆದರೆ ಅವ್ವ ಜಗಳವಾಡಿದ್ದನ್ನು ನಾನು ಕಂಡೇ ಇರಲಿಲ್ಲ. ಒರಳಿನ ಮುಂದೆ ಕೂತು ರುಬ್ಬುತ್ತ, ರುಬ್ಬುಗುಂಡಿನ ಸದ್ದು ಸ್ವಲ್ಪ ಜೋರು ಮಾಡುತ್ತಿದ್ದಳು, ಅಷ್ಟೇ. ಅವಳಿಗೆ ಸಿಟ್ಟೇ ಇಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ.

ಹೈಸ್ಕೂಲಿನ ಕೊನೆಯ ವರ್ಷಕ್ಕೆ ಮುಂಚಿನ ಬೇಸಿಗೆಯಲ್ಲಿ ಅಪ್ಪ ಪಿಂಚಣಿಯ ಕೆಲಸಕ್ಕೆಂದು ಬೆಂಗಳೂರಿಗೆ ಹೊರಟ. ಅವ್ವ ನನ್ನನ್ನೂ ಜೊತೆಗೆ ಕಳಿಸಿದಳು. ಅಲ್ಲಿ ಅಪ್ಪನ ಜೊತೆ ಹ್ಯಾಂಗರಿನಲ್ಲಿ ಕೆಲಸ ಮಾಡಿದ್ದ ಜೋಸೆಫ್ ಎಂಬ ಗೆಳೆಯರು ಮಾದರಿ ವಿಮಾನಗಳ ಒಂದು ಸಣ್ಣ ಅಂಗಡಿ ಇಟ್ಟಿದ್ದರು. ಒಳಗೆ ಹೋಗಿ ತಲೆ ಎತ್ತಿದರೆ ಸೂರಿನ ತುಂಬ ವಿಮಾನಗಳು ದಾರದಲ್ಲಿ ತೂಗುತ್ತಿದ್ದವು. ನೆಲದ ಮೇಲೆ ನಿಂತು, ಕೈಯಲ್ಲಿ ಪೆಟ್ಟಿಗೆ ಹಿಡಿದು, ತಂತಿಯಿಲ್ಲದೆ ಅವನ್ನು ಹಾರಿಸಬಹುದು ಎಂದು ಜೋಸೆಫ್ ಹೇಳಿದಾಗ ನಾನು ಅಪ್ಪನ ಮುಖ ನೋಡಿದೆ. ಗೊಬ್ಬರದಂಗಡಿಯಲ್ಲಿ ನಗುವ ಅಪ್ಪ ಅಲ್ಲಿರಲಿಲ್ಲ. ಒಂದೊಂದು ವಿಮಾನದ ರೆಕ್ಕೆಯ ಅಂಚನ್ನೂ ಬೆರಳಿನಿಂದ ಮುಟ್ಟಿ, ಯಾವುದು ಸರಿ, ಯಾವುದು ಸೊಟ್ಟ ಎಂದು ಹೇಳುತ್ತಿದ್ದ. ಜೋಸೆಫ್ ತಲೆಯಾಡಿಸುತ್ತಿದ್ದರು. ಅಪ್ಪನ ಮಾತಿಗೆ ಇನ್ನೊಬ್ಬರು ಹಾಗೆ ತಲೆಯಾಡಿಸುವುದನ್ನು ನಾನು ಮೊದಲ ಸಲ ನೋಡಿದ್ದು ಅಲ್ಲಿ. ಸೇವೆ ಬಿಟ್ಟಾಗ ಬಂದ ದುಡ್ಡಿನಲ್ಲಿ ಅಣ್ಣನಿಗೆ ಕಾಣದಂತೆ ಅಪ್ಪ ಒಂದಷ್ಟು ಉಳಿಸಿಕೊಂಡಿದ್ದ. ಅದು ಯಾತಕ್ಕೆ ಎಂದು ಅವನಿಗೆ ಆ ಅಂಗಡಿಯಲ್ಲಿ ತಿಳಿಯಿತೆಂದು ಕಾಣುತ್ತದೆ.

"ಯಾವುದು ಬೇಕವ್ವ ನಿಂಗೆ?" ಎಂದು ಕೇಳಿದ.

ನಾನು ತೋರಿಸಿದ್ದು ಬೆಳ್ಳಿ ಬಣ್ಣದ, ಚೂಪು ಮೂತಿಯ, ರೆಕ್ಕೆ ಹೊಟ್ಟೆಯ ಕೆಳಗಿದ್ದ ಯುದ್ಧವಿಮಾನವನ್ನು. ಅದು ದೊಡ್ಡಪ್ಪನ ತಲೆಯ ಮೇಲೆ ಎರಗುವುದನ್ನು ಆಗಲೇ ಮನಸ್ಸಿನಲ್ಲಿ ನೋಡಿಬಿಟ್ಟಿದ್ದೆ. ಅಪ್ಪ ಅದನ್ನು ಇಳಿಸಿ, ಅದರ ಪಕ್ಕದಲ್ಲಿ ರೆಕ್ಕೆ ಬೆನ್ನ ಮೇಲಿದ್ದ, ದಪ್ಪ ಹೊಟ್ಟೆಯ ಇನ್ನೊಂದನ್ನು ಇಟ್ಟ.

"ಈ ಚೂಪು ಮೂತೀದು ನೀನು ಹೇಳಿದ್ದನ್ನ ಹಂಗೇ ಕೇಳ್ತೈತೆ. ತಪ್ಪು ಹೇಳಿದ್ರೂ ಕೇಳ್ತೈತೆ. ಓರೆ ಮಾಡಿ ಕೈ ಬಿಟ್ರೆ ಓರೆಯಾಗೇ ಹೋಗಿ ನೆಲ ಹೊಡೀತೈತೆ."

"ಮತ್ತೆ ಇದು?"

"ಇದರ ಭಾರ ಎಲ್ಲ ರೆಕ್ಕೆ ಕೆಳಗೈತೆ. ಗಾಬರಿ ಆತು ಅನ್ನು, ಕೈ ಬಿಟ್ಟುಬಿಡು, ತಾನೇ ನೆಟ್ಟಗಾಗ್ತೈತೆ. ಕಲಿಯೋರಿಗೆ ತಪ್ಪನ್ನ ಹೊಟ್ಟೆಗೆ ಹಾಕ್ಕಳಂಥ ವಿಮಾನ ಬೇಕು ಗಿರಿಜಾ."

ಹೊಟ್ಟೆಗೆ ಹಾಕಿಕೊಳ್ಳುವ ಕೆಲಸವನ್ನು ನಮ್ಮ ಮನೆಯಲ್ಲಿ ಅಪ್ಪ ದಿನವೂ ಮಾಡುತ್ತಿದ್ದ. ವಿಮಾನವೂ ಅದನ್ನೇ ಮಾಡಲಿ ಎಂದು ನನಗೆ ಅನ್ನಿಸಲಿಲ್ಲ. ಆದರೆ ಜೋಸೆಫ್, ಚೂಪು ಮೂತಿಯದನ್ನು ಮೊದಲ ಸಲ ಹಾರಿಸಿದವರು ಅದನ್ನು ಚೀಲದಲ್ಲಿ ತುಂಬಿಕೊಂಡು ಮನೆಗೆ ಹೋಗುತ್ತಾರೆ ಎಂದರು. ಆಗ ಯೋಚಿಸಿದೆ. ಬೀಳುವ ವಿಮಾನ ಒಯ್ದು ದೊಡ್ಡಪ್ಪನಿಗೆ ನಗಲು ಅವಕಾಶ ಕೊಡುವುದೇ? ನನಗೆ ಬೇಕಾಗಿದ್ದದ್ದು ಅದು ಅವರ ಕಣ್ಣೆದುರು ಏಳುವುದು, ಎದ್ದದ್ದು ಮೇಲೇ ಇರುವುದು. ದಪ್ಪ ಹೊಟ್ಟೆಯದನ್ನೇ ಆರಿಸಿದೆ. ಅಪ್ಪ ನನ್ನ ಬುದ್ಧಿಯನ್ನು ಮೆಚ್ಚಿಕೊಂಡ. ಆ ಬುದ್ಧಿಯ ಹಿಂದೆ ಏನಿತ್ತೆಂದು ನಾನು ಹೇಳಲಿಲ್ಲ.

ಪೆಟ್ಟಿಗೆ ಬಿಚ್ಚಿದಾಗ ಅದರಲ್ಲಿ ವಿಮಾನವೇ ಇರಲಿಲ್ಲ. ತೆಳ್ಳನೆಯ ಹಲಗೆಗಳು, ಕಡ್ಡಿಗಳು, ಮಡಚಿದ ಒಂದು ದೊಡ್ಡ ನಕ್ಷೆ. ಹಲಗೆ ಬಾಲ್ಸಾ ಎಂಬ ಮರದ್ದು; ಕೈಯಲ್ಲಿ ಹಿಡಿದರೆ ಹಿಡಿದದ್ದೇ ಗೊತ್ತಾಗದಷ್ಟು ಹಗುರ, ಉಗುರು ತಾಗಿದರೆ ಗೀರು ಬೀಳುವಷ್ಟು ಮೆದು. ನಮಗೆ ಕೆಲಸಕ್ಕೆ ಸಿಕ್ಕ ಜಾಗ ಪಡಸಾಲೆಯ ಮೂಲೆ, ಅಂಗಡಿಯಲ್ಲಿ ಹಿಡಿಸದೆ ಮನೆಗೆ ಬಂದ ಗೊಬ್ಬರದ ಚೀಲಗಳ ಪಕ್ಕ. ಚೀಲಗಳ ಮೇಲೆ ಒಂದು ಹಳೆಯ ಬಾಗಿಲ ಹಲಗೆ ಇಟ್ಟು, ಅದರ ಮೇಲೆ ನಕ್ಷೆ ಹಾಸಿ, ಅಂಟು ಹತ್ತದಿರಲೆಂದು ಮೇಣದ ಕಾಗದ ಹೊದಿಸಿ, ರೆಕ್ಕೆಯ ಪಕ್ಕೆಲುಬುಗಳನ್ನು ಒಂದೊಂದಾಗಿ ಕತ್ತರಿಸಿ ಗುಂಡುಸೂಜಿಯಿಂದ ನಿಲ್ಲಿಸುತ್ತಿದ್ದೆವು. ಕತ್ತರಿಸುವುದು ನಾನು, ಉಜ್ಜುವುದು ಅಪ್ಪ. ಒಂದು ಪಕ್ಕೆಲುಬು ಕೂದಲೆಳೆಯಷ್ಟು ಎತ್ತರವಾದರೂ ಅಪ್ಪ ಕಣ್ಣು ಮುಚ್ಚಿ ಬೆರಳಾಡಿಸಿ ಹಿಡಿಯುತ್ತಿದ್ದ. ಅಂಗಡಿ ಮುಚ್ಚಿ ಬಂದ ಮೇಲೆ, ದೊಡ್ಡಪ್ಪ ಪೂಜೆಗೆ ಕೂತ ಹೊತ್ತಿನಲ್ಲಿ ಮಾತ್ರ ನಮ್ಮ ಕೆಲಸ. ಮರದ ಪುಡಿ ನನ್ನ ಜಡೆಯಲ್ಲಿ, ಅಪ್ಪನ ಹುಬ್ಬಿನಲ್ಲಿ. ಆ ಹೊತ್ತಿನಲ್ಲಿ ನಾವು ಇಬ್ಬರೂ ಬೇರೆ ಮನೆಯವರ ಹಾಗೆ ಇರುತ್ತಿದ್ದೆವು.

ರೆಕ್ಕೆಗೆ ತೆಳು ರೇಷ್ಮೆ ಬಟ್ಟೆ ಹೊದಿಸಿ, ಅದು ಬಿಗಿಯಾಗಲೆಂದು ಡೋಪ್ ಎಂಬ ದ್ರವ ಬಳಿಯಬೇಕಿತ್ತು. ಅದರ ವಾಸನೆ ಕೊಳೆತ ಬಾಳೆಹಣ್ಣಿನ ಹಾಗೆ ಮೂಗಿಗೆ ಹೊಡೆಯುತ್ತಿತ್ತು. ಮೊದಲ ಸಲ ಬಳಿದ ದಿನ ದೊಡ್ಡಪ್ಪ ಪೂಜೆಯ ಮಧ್ಯೆಯೇ ಎದ್ದು ಬಂದರು.

"ಇದೇನು ಮನೆಯೋ, ಸೆರೆ ಅಂಗಡಿಯೋ? ಲಿಂಗದ ಮುಂದೆ ಕುಂತ್ರೆ ವಾಸನೆ ಬಡೀತೈತೆ."

"ನಾಳೆ ಹೊತ್ತಿಗೆ ಹೋಗ್ತೈತಣ್ಣ," ಎಂದ ಅಪ್ಪ.

"ಎಮ್ಮೆ ತೊಳಿಯೋನಿಗೆ ಎಮ್ಮೆ ಮಾಡಾಕೂ ಬರ್ತೈತೇನು?" ಎಂದು ಹೇಳಿ ಅವರು ಒಳಗೆ ಹೋದರು. ಇದಾದ ಕೆಲವು ದಿನಗಳ ಮೇಲೆ, ಒಂದು ಸೋಮವಾರ ಬೆಳಿಗ್ಗೆ, ನಾನು ಹಾಲು ತರಲು ಹೋದವಳು ಹಿತ್ತಲ ಕಡೆಯಿಂದ ಒಳಗೆ ಬಂದೆ. ಬಚ್ಚಲಿನಿಂದ ಅದೇ ಬಾಳೆಹಣ್ಣಿನ ವಾಸನೆ ಬರುತ್ತಿತ್ತು, ಸುಟ್ಟ ವಾಸನೆಯ ಜೊತೆ ಕೂಡಿ. ನೀರೊಲೆಯ ಬಾಯಲ್ಲಿ ಕಟ್ಟಿಗೆಯ ಬದಲು ನಮ್ಮ ರೆಕ್ಕೆಯ ತುದಿ ಹೊರಗೆ ಚಾಚಿಕೊಂಡಿತ್ತು. ಉಳಿದದ್ದು ಒಳಗೆ ಉರಿದುಹೋಗಿತ್ತು. ನೀರೊಲೆ ಹೊತ್ತಿಸುವುದು ದಿನವೂ ಅವ್ವನ ಕೆಲಸ. ಅವತ್ತು ಮಾತ್ರ ದೊಡ್ಡಪ್ಪ ತಾವೇ ಹೊತ್ತಿಸಿಕೊಂಡಿದ್ದರು. ಸ್ನಾನ ಮುಗಿಸಿ, ಪಂಚೆ ಬಿಗಿಯುತ್ತ ಹೊರಗೆ ಬಂದು ನಮ್ಮನ್ನೆಲ್ಲ ನೋಡಿದರು. ಅಪ್ಪ, ಅವ್ವ ಇಬ್ಬರೂ ಅಷ್ಟರಲ್ಲಿ ಬಂದು ನಿಂತಿದ್ದರು. ದೊಡ್ಡಪ್ಪ ತಮ್ಮನಿಗೆ ಹೇಳಿದರು:

"ಪಡಸಾಲೆಯಾಗೆ ಕಟ್ಟಿಗೆ ಬಿದ್ದಿತ್ತು, ಹಾಕಿದೆ. ಒಣಾ ಕಟ್ಟಿಗೆ ನೋಡು ರುದ್ರ, ಭಗ್ ಅಂತ ಹತ್ಕೊಂತು. ನೀರು ಚಲೋ ಕಾದಿತ್ತು."

ಅಪ್ಪ ಕುಕ್ಕರಗಾಲಲ್ಲಿ ಕೂತು ಆ ಉಳಿದ ತುದಿಯನ್ನು ಎಳೆದು, ನೆಲಕ್ಕೆ ಬಡಿದು ಬೆಂಕಿ ಆರಿಸಿದ. ಅವನು ಏನಾದರೂ ಅನ್ನುತ್ತಾನೆಂದು ನಾನು ಕಾದೆ. ಕೈಯಲ್ಲಿ ಹಾಲಿನ ಚೊಂಬು ಇತ್ತು, ಅದನ್ನು ದೊಡ್ಡಪ್ಪನ ವಿಭೂತಿ ಹಚ್ಚದ ಬೋಳು ಹಣೆಗೆ ಎಸೆದರೆ ಹೇಗಿರುತ್ತದೆಂದು ಅಳೆದೂ ನೋಡಿದೆ. ಅಪ್ಪ ಕೊನೆಗೆ ಹೇಳಿದ್ದು ನನಗೆ.

"ನಕ್ಷೆ ಉಳಿದೈತಲ್ಲ. ಮತ್ತೆ ಕಟ್ಟಿದ್ರಾತು ಬಿಡು."

ಅವತ್ತು ನಾನು ಊಟಕ್ಕೆ ಏಳಲಿಲ್ಲ. ಎಲ್ಲರದೂ ಮುಗಿದ ಮೇಲೆ ಅವ್ವ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಮುದ್ದೆ ಬಡಿಸಿದಳು.

"ಉಣ್ಣು. ಸಿಟ್ಟು ಇಟ್ಕಳಾಕೂ ಹೊಟ್ಟೆಯಾಗೆ ಏನಾದ್ರೂ ಇರಬೇಕು."

ಅವ್ವನ ಬಾಯಲ್ಲಿ ಸಿಟ್ಟು ಎಂಬ ಮಾತು ಕೇಳಿ ಬೆರಗಾಗಿ ತಲೆ ಎತ್ತಿದೆ. ಅವಳು ಆಗಲೇ ತಿರುಗಿ ಒಲೆಯ ಬೂದಿ ಬಳಿಯುತ್ತಿದ್ದಳು.

ಎರಡನೆಯ ರೆಕ್ಕೆ ಅಡುಗೆಮನೆಯಲ್ಲಿ ಹುಟ್ಟಿತು. ಅದು ಅವ್ವನ ಏರ್ಪಾಡು. ಅಡುಗೆಮನೆಯ ಹೊಸಿಲು ದಾಟುವುದು ಗಂಡಸಿಗೆ ಕೀಳು ಎಂದು ದೊಡ್ಡಪ್ಪ ನಂಬಿದ್ದರು. ಹಾಗಾಗಿ ಮನೆಯಲ್ಲಿ ಅವರ ಕಣ್ಣು ತಲುಪದ ಜಾಗ ಅದೊಂದೇ. ಅಪ್ಪನಿಗೆ ಆ ನಂಬಿಕೆ ಇರಲಿಲ್ಲ. ಜೋಸೆಫ್ ಮತ್ತೆ ಹಲಗೆ ಕಳಿಸಿದರು. ರೊಟ್ಟಿ ಬಡಿಯುವ ಜಾಗದ ಪಕ್ಕದಲ್ಲೇ ಪಕ್ಕೆಲುಬು ನಿಲ್ಲಿಸಿದೆವು. ರೇಷ್ಮೆ ಮೊದಲ ರೆಕ್ಕೆಯ ಜೊತೆ ಸುಟ್ಟುಹೋಗಿತ್ತು. ಅವ್ವ ತನ್ನ ಟ್ರಂಕಿನಿಂದ ಜಗಳೂರಿನವರು ಕೊಟ್ಟಿದ್ದ ಅರಿಶಿನ ಬಣ್ಣದ ತೆಳು ರೇಷ್ಮೆಯ ಬಟ್ಟೆ ತಂದು ಮುಂದಿಟ್ಟಳು. ಅದನ್ನು ಒದ್ದೆ ಮಾಡಿ, ರೆಕ್ಕೆಯ ಮೇಲೆ ಸುಕ್ಕಿಲ್ಲದಂತೆ ಎಳೆದು ಕೂರಿಸುವುದು ಅಪ್ಪನಿಗಿಂತ ಅವಳಿಗೇ ಚೆನ್ನಾಗಿ ಬಂತು. ಅಂಚು ಹಿಡಿದು ಎಳೆಯುವಾಗ ಅವಳ ತುಟಿ ಬಿಗಿದಿರುತ್ತಿತ್ತು. ಡೋಪ್ ಬಳಿದ ದಿನ ಒಲೆಯನ್ನು ಪೂರ್ತಿ ಆರಿಸಿ, ಕಿಟಕಿ ತೆರೆದಿಟ್ಟು, ತನಗೆ ತಲೆನೋವೆಂದು ದೊಡ್ಡವ್ವನಿಗೆ ಹೇಳಿ, ಮನೆಯವರಿಗೆಲ್ಲ ಬೆಳಗಿನ ತಣ್ಣನೆ ರೊಟ್ಟಿಯನ್ನೇ ಉಣಿಸಿದಳು. ಒಣಗಿದ ರೆಕ್ಕೆಯನ್ನು ಹಾಲು ಮೊಸರು ತೂಗುವ ನೆಲುವಿನ ಪಕ್ಕ ಹಗ್ಗದಲ್ಲಿ ಕಟ್ಟಿದಳು. ದೊಡ್ಡವ್ವ ಕಂಡೂ ಕಾಣದವಳಂತೆ ಇದ್ದಳು. ಅದರ ಕೆಳಗೇ ನಿಂತು ದಿನವೂ ದೊಡ್ಡಪ್ಪನಿಗೆ ಸಾರು ಕುದಿಸಿದಳು.

ಬೆಂಗಳೂರಿನಿಂದ ತಂದಿದ್ದ ಯಂತ್ರಗಳನ್ನು ಮೈಯೊಳಗೆ ಕೂರಿಸುವುದು ಮಿಕ್ಕಿತ್ತು. ನಾನು ಹಿಡಿಯುವ ಪೆಟ್ಟಿಗೆಗೆ ಟ್ರಾನ್ಸ್‌ಮಿಟರ್ ಎಂದು ಹೆಸರು. ಅದರ ಎರಡು ಕಡ್ಡಿಗಳನ್ನು ಬೆರಳಿನಿಂದ ತಳ್ಳಿದರೆ ವಿಮಾನದ ಹೊಟ್ಟೆಯಲ್ಲಿದ್ದ ಬೆಂಕಿಪೊಟ್ಟಣದಂಥ ಪುಟ್ಟ ಮೋಟರುಗಳು ಗುಂಯ್ ಎಂದು ತಿರುಗಿ ಬಾಲವನ್ನು ಅಲ್ಲಾಡಿಸುತ್ತಿದ್ದವು. ಮೊದಲ ಸಲ ನಾನು ಅಡುಗೆಮನೆಯ ಒಂದು ಮೂಲೆಯಲ್ಲಿ ಕಡ್ಡಿ ತಳ್ಳಿ, ಇನ್ನೊಂದು ಮೂಲೆಯಲ್ಲಿ ಬಾಲ ಅಲ್ಲಾಡಿದಾಗ ಅವ್ವ ಲಟ್ಟಣಿಗೆ ಹಿಡಿದವಳು ಹಾಗೇ ನಿಂತಳು. ಮೂತಿಯ ಎಂಜಿನ್ನಿಗೆ ಬೇಕಾದ ಎಣ್ಣೆಯಲ್ಲಿ ಹರಳೆಣ್ಣೆಯ ಪಾಲಿತ್ತು. ಅದೂ ನಮ್ಮ ಡಬ್ಬದಿಂದಲೇ ಹೋಯಿತು.

ಹಾರಿಸುವುದನ್ನು ಅಪ್ಪ ಕಲಿಸಿದ್ದು ಹಿತ್ತಲಿನಲ್ಲಿ, ವಿಮಾನವಿಲ್ಲದೆ. ತಾನೇ ಎರಡೂ ಕೈ ಚಾಚಿ ವಿಮಾನವಾಗುತ್ತಿದ್ದ. ನನ್ನಿಂದ ದೂರ ಓಡುವಾಗ ಅವನ ಎಡವೇ ನನ್ನ ಎಡ. ತಿರುಗಿ ನನ್ನ ಕಡೆಗೆ ಬರುವಾಗ ಎಲ್ಲ ತಲೆಕೆಳಗು.

"ಈಗ ನಿನ್ನ ಕಡೆ ಬರಾಕತ್ತೀನಿ. ನನ್ನ ಈ ರೆಕ್ಕೆ ಕೆಳಗಾತು. ಕಡ್ಡಿ ಯಾವ ಕಡೆ ತಳ್ತಿ?"

ನಾನು ತಪ್ಪು ತಳ್ಳಿದರೆ ಅವನು ವಾಲಿಕೊಂಡೇ ಹೋಗಿ ತೊಂಡೆ ಬಳ್ಳಿಯಲ್ಲಿ ಬೀಳುತ್ತಿದ್ದ. ವಿಮಾನ ಎದುರು ಬರುವಾಗ ಎಡ ಬಲ ಯೋಚಿಸಬೇಡ, ಯಾವ ರೆಕ್ಕೆ ಕೆಳಗಾಗಿದೆಯೋ ಆ ಕಡೆಗೆ ಕಡ್ಡಿ ತಳ್ಳಿ ಅದಕ್ಕೆ ಊರುಗೋಲು ಕೊಡು ಎಂದು ಹೇಳಿಕೊಟ್ಟ. ಒಂದು ದಿನ ಅವನು ಹಾಗೆ ಕೈ ಚಾಚಿ ಓಡುತ್ತಿರುವಾಗ ದೊಡ್ಡಪ್ಪ ಗುಮಾಸ್ತನೊಡನೆ ಹಿಂಬಾಗಿಲಲ್ಲಿ ನಿಂತಿದ್ದರು. "ತಲೆಯಾಗೆ ಗಾಳಿ ಹೊಕ್ಕೈತೆ ನಮ್ಮ ತಮ್ಮಗೆ," ಎಂದು ಗುಮಾಸ್ತನಿಗೆ ಹೇಳಿದರು. ಅಪ್ಪ ಕೈ ಇಳಿಸಿದ. ನಾನು ಕಡ್ಡಿಯ ಮೇಲಿನ ಬೆರಳು ತೆಗೆಯಲಿಲ್ಲ.

ಬೇಸಿಗೆಯಲ್ಲಿ ಊರಾಚೆಯ ಕೆರೆಯ ಅಂಗಳ ಒಣಗಿ ಗಟ್ಟಿಯಾಗುತ್ತದೆ. ಮುಂದಿನ ಬೇಸಿಗೆಯ ಮೊದಲಲ್ಲಿ, ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ ಅಲ್ಲಿಂದ ನಮ್ಮ ಅರಿಶಿನ ರೆಕ್ಕೆ ಮೊದಲ ಸಲ ಎದ್ದಿತು. ಮೇಲೆತ್ತಿದ್ದು ಅಪ್ಪ. ಎತ್ತರಕ್ಕೆ ಹೋದ ಮೇಲೆ ಪೆಟ್ಟಿಗೆಯನ್ನು ನನ್ನ ಕೈಗಿಟ್ಟ. ಕೋಟೆ ಗುಡ್ಡದ ಕಡೆ ತಿರುಗಿಸಿದೆ, ತಿರುಗಿತು. ನನ್ನ ಕಡೆಗೆ ಕರೆದೆ, ಬಂತು. ನನ್ನ ಮಾತನ್ನು ಅಷ್ಟು ಸಲೀಸಾಗಿ ಕೇಳಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಬೇಸಿಗೆ ನಡುವಿಗೆ ಬರುವುದರೊಳಗೆ ಏರಿಸುವುದು, ಇಳಿಸುವುದು ಎರಡೂ ನನಗೆ ಬಂದವು. ಕೆರೆಯ ಏರಿಯ ಮೇಲೆ ಜನ ಸೇರತೊಡಗಿದರು. ತ್ಯಾವಣಿಗೆ ಕಡೆಯಿಂದ ಬರುವ ಬಸ್ಸಿನವರು ಕಿಟಕಿಯಲ್ಲಿ ತಲೆ ಹಾಕಿ ನೋಡುತ್ತಿದ್ದರು.

ಸುದ್ದಿ ಗೊಬ್ಬರದಂಗಡಿಗೂ ಹೋಯಿತು. ಗಿರಾಕಿಗಳು ಬಂದು, "ನಿಮ್ಮನೆಯಾಗೆ ವಿಮಾನ ಹಾರಿಸ್ತಾರಂತಲ್ರಿ ಸಾಹುಕಾರ್ರೆ," ಎಂದು ಮೆಚ್ಚುಗೆಯಿಂದ ಕೇಳತೊಡಗಿದರು. ಮೊದಲು ದೊಡ್ಡಪ್ಪ ಮಾತು ತೇಲಿಸುತ್ತಿದ್ದರು. ಆಮೇಲೆ, "ಹೂಂ, ಹುಡುಗ್ರಿಗೆ ಒಂದು ಇರ್ಲಿ ಅಂತ," ಎಂದರು. ಕೆಲವು ವಾರ ಕಳೆಯುವಷ್ಟರಲ್ಲಿ ಅದು ಅವರದೇ ವಿಮಾನವಾಗಿತ್ತು. ತಕ್ಕಡಿಯ ಪಕ್ಕ ನಿಂತ ಅಪ್ಪನ ಎದುರೇ ಅವರು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದೆ.

"ನಾನೇ ಬೆಂಗಳೂರಿಂದ ತರಿಸಿ ಕಟ್ಟಿಸ್ದೆ. ನಮ್ಮ ರುದ್ರ ಕೈ ಜೋಡ್ಸಿದ ಅನ್ರಿ."

ರೆಕ್ಕೆ ಸುಟ್ಟದ್ದಕ್ಕಿಂತ ಈ ಮಾತು ನನ್ನನ್ನು ಹೆಚ್ಚು ಸುಟ್ಟಿತು. ಸುಟ್ಟ ರೆಕ್ಕೆಯನ್ನು ಮತ್ತೆ ಕಟ್ಟಿಕೊಂಡಿದ್ದೆವು. ಈ ಕಳವಿಗೆ ಏನು ಮಾಡುವುದು? ಅಪ್ಪ ಮಾತ್ರ, "ಅನ್ಲಿ ಬಿಡವ್ವ, ಹಾರೋದು ನಮ್ಮ ಕೈಲೇ ಅಲ್ಲೇನು," ಎಂದ. ನಾನು ಬಿಡಲು ತಯಾರಿರಲಿಲ್ಲ.

ಆ ವರ್ಷ ಬಸವರಾಜಣ್ಣನಿಗೆ ನ್ಯಾಮತಿಯ ಒಂದು ದೊಡ್ಡ ಮನೆಯಿಂದ ಹೆಣ್ಣು ಗೊತ್ತಾಗುವುದರಲ್ಲಿತ್ತು. ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬಂದರು. ಅವರ ಹಿರಿಯರು ಹುಡುಗಿಯ ಅಜ್ಜ, ಬಿಳಿ ರುಮಾಲು ಸುತ್ತಿದ, ಎಲ್ಲವನ್ನೂ ನೇರವಾಗಿ ಕೇಳುವ ಮುದುಕರು. ಹೋಳಿಗೆಯ ಊ‍ಟ ಮುಗಿದು ಎಲೆಯಡಿಕೆ ಹಾಕುತ್ತಿದ್ದಂತೆ ದೊಡ್ಡಪ್ಪ ವಿಮಾನದ ಮಾತು ತೆಗೆದರು. ಸಂಜೆ ಬಿಸಿಲು ಇಳಿದ ಮೇಲೆ ಎಲ್ಲರನ್ನೂ ಕೆರೆಯ ಅಂಗಳಕ್ಕೆ ಕರೆದೊಯ್ದರು. ಊರವರೂ ಬಂದರು. ಹೆಂಗಸರ ಗುಂಪಿನಲ್ಲಿ ಅವ್ವನೂ ಇದ್ದಳು. ನಾನು ವಿಮಾನ ಏರಿಸಿ ಎರಡು ಸುತ್ತು ಹಾಕಿಸಿದೆ. ನನ್ನ ಪಕ್ಕದಲ್ಲಿ ನಿಂತು ದೊಡ್ಡಪ್ಪ ಎಂಜಿನ್, ರೆಕ್ಕೆ, ಎಲ್ಲವನ್ನೂ ತಾವು ಆರಿಸಿದ ಕಥೆ ಹೇಳುತ್ತಿದ್ದರು. ಅಜ್ಜ ಕೈಯನ್ನು ಹುಬ್ಬಿಗೆ ಅಡ್ಡ ಹಿಡಿದು ಆಕಾಶ ನೋಡುತ್ತಿದ್ದರು.

"ಅಲ್ರಿ ಸಾಹುಕಾರ್ರೆ, ಕಟ್ಸಿದ್ದು ನೀವು ಅಂತೀರಿ. ಹಾರ್ಸೋದು ಹೆಣ್ಣುಮಗು. ನೀವೊಂದು ಸುತ್ತು ಹಾರ್ಸಿ ತೋರ್ಸ್ರಲ್ಲ."

ದೊಡ್ಡಪ್ಪ ನಕ್ಕರು. ಅಜ್ಜ ನಗಲಿಲ್ಲ. ನಿಜಕ್ಕೂ ನೋಡಬೇಕೆಂದು ಕೇಳಿದ್ದರು. ಸುತ್ತ ನಿಂತವರೆಲ್ಲ ದೊಡ್ಡಪ್ಪನ ಕಡೆ ತಿರುಗಿದರು. ಅಪ್ಪ ಮೆಲ್ಲಗೆ ಹೇಳಿದ:

"ಬ್ಯಾಡಣ್ಣ. ಮೊದ್ಲು ಇಳಿಸ್ತೀವಿ. ಆಮೇಲೆ ಹೇಳಿಕೊಡ್ತೀನಿ."

"ನೀನು ಸುಮ್ನಿರೋ. ತೊಳಿಯೋನು ನಂಗೆ ಹೇಳಿಕೊಡ್ತಾನಂತೆ."

ಅವರಿಗೆ ತಪ್ಪಿಸಿಕೊಳ್ಳಲು ಇದ್ದ ಬಾಗಿಲು ಅದೊಂದೇ. ಅದನ್ನು ಅವರೇ ಮುಚ್ಚಿಕೊಂಡರು. ನಾನು ವಿಮಾನವನ್ನು ದೂರ, ಎತ್ತರದಲ್ಲಿ ನೆಟ್ಟಗೆ ಸಾಗುವಂತೆ ಬಿಟ್ಟು, ಟ್ರಾನ್ಸ್‌ಮಿಟರನ್ನು ಎರಡೂ ಕೈಯಲ್ಲಿ ಹಿಡಿದು, ದೊಡ್ಡವರಿಗೆ ಕೊಡುವ ಹಾಗೆ ಚಾಚಿದೆ.

"ಹಿಡೀರಿ ದೊಡ್ಡಪ್ಪ. ನಿಮ್ದೇ ಅಲ್ಲೇನು."

ಅವರು ಹಿಡಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ, ಏಕೆಂದರೆ ಅವರು ಏನನ್ನೂ ಮಾಡಲಿಲ್ಲ. ಆಮೇಲೆ ಅಜ್ಜ, "ಈ ಕಡೆ ತಿರುಗಿಸ್ರಿ," ಎಂದರು. ದೊಡ್ಡಪ್ಪ ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿದು ತಳ್ಳಿದರು. ವಿಮಾನ ತಿರುಗಿ ನಮ್ಮ ಕಡೆಗೇ ಬರತೊಡಗಿತು, ಒಂದು ರೆಕ್ಕೆ ಕೆಳಗೆ ಮಾಡಿಕೊಂಡು. ಸರಿಮಾಡಲು ಹೋಗಿ ಅವರು ಉಲ್ಟಾ ಕಡೆ ತಳ್ಳಿದರು. ಅದು ಇನ್ನಷ್ಟು ವಾಲಿತು. ಅಪ್ಪ ಕೂಗಿದ:

"ಕೈ ಬಿಡಣ್ಣ, ಕಡ್ಡಿ ಬಿಟ್ಟುಬಿಡು. ಅದೇ ಸರಿಯಾಗ್ತೈತೆ."

ಕೈ ಬಿಡುವುದು ದೊಡ್ಡಪ್ಪನಿಗೆ ಗೊತ್ತಿರಲಿಲ್ಲ. ಇನ್ನೂ ಬಿಗಿಯಾಗಿ ಹಿಡಿದರು. ಅಪ್ಪ ಪೆಟ್ಟಿಗೆ ಕಸಿದುಕೊಳ್ಳಲು ಮುಂದೆ ಬಂದ. ಅವನಿಗೆ ಸಿಕ್ಕಿದ್ದರೆ ಉಳಿಸುತ್ತಿದ್ದ, ಅದು ನನಗೆ ಖಂಡಿತ ಗೊತ್ತಿತ್ತು. ನಾನು ಅವನ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದೆ. ಅವನು ನನ್ನ ಮುಖ ನೋಡಿದ. ಕೊಸರಿಕೊಳ್ಳಲಿಲ್ಲ. ಜನ ತಲೆ ತಗ್ಗಿಸಿ ಚದುರಿದರು. ಅರಿಶಿನ ರೆಕ್ಕೆ ನಮ್ಮ ಮೇಲಿಂದ ಹಾದು, ಆಚೆಯ ಖಾಲಿ ನೆಲಕ್ಕೆ ಮೂತಿ ಕೊಟ್ಟು ಬಿತ್ತು. ರೆಕ್ಕೆ ಮುರಿದ ಸದ್ದು ನಾವು ನಿಂತಲ್ಲಿಯವರೆಗೆ ಕೇಳಿಸಿತು.

ದೊಡ್ಡಪ್ಪ ಪೆಟ್ಟಿಗೆ ಹಿಡಿದುಕೊಂಡೇ ನಿಂತಿದ್ದರು. ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ, ಯಾರೂ ಇಸಿದುಕೊಳ್ಳಲಿಲ್ಲ. ಅಜ್ಜ ನನ್ನ ಬಳಿ ಬಂದರು.

"ಪಾಪ. ನಿಜ ಹೇಳವ್ವ, ಇದನ್ನ ಕಟ್ಟಿದ್ದು ಯಾರು?"

"ನಮ್ಮಪ್ಪ, ನಮ್ಮವ್ವ, ನಾನು."

"ಮತ್ತೆ ಸಾಹುಕಾರ್ರು?"

"ಅವ್ರು ಮೊದ್ಲನೇ ರೆಕ್ಕೇನ ನೀರೊಲೆಗೆ ಹಾಕಿ ಸ್ನಾನ ಮಾಡಿದ್ರು ಅಜ್ಜಾರೆ."

ನನ್ನ ದನಿ ಎಲ್ಲರಿಗೂ ಕೇಳಿಸುವಷ್ಟಿತ್ತು. ಅಷ್ಟಿರಲಿ ಎಂದೇ ಹೇಳಿದ್ದೆ. ಅಜ್ಜ ರುಮಾಲು ಸರಿಮಾಡಿಕೊಂಡು ದೊಡ್ಡಪ್ಪನ ಕಡೆ ತಿರುಗಿ, ಬೆಳೆಯ ಬಗ್ಗೆ ವಿಚಾರಿಸುವ ದನಿಯಲ್ಲೇ ಕೇಳಿದರು:

"ನೀರು ಕಾದಿತ್ತೇನ್ರಿ?"

ಮೊದಲು ನಕ್ಕವನು ಗುಮಾಸ್ತ. ಆಮೇಲೆ ಏರಿಯ ಮೇಲಿದ್ದ ಊರೆಲ್ಲ ನಕ್ಕಿತು. ಆ ನಗು ನಾನು ಅಲ್ಲಿಯವರೆಗೆ ಗೊಬ್ಬರದಂಗಡಿಯಲ್ಲಿ ಕೇಳಿದ ಎಲ್ಲ ನಗುವಿಗೂ ಸರಿಹೋಯಿತು ಅನ್ನಿಸಿತು. ಮದುವೆಯೇನೂ ಮುರಿಯಲಿಲ್ಲ. ಹುಡುಗ ಹುಡುಗಿ ಒಪ್ಪಿದ್ದರು, ನ್ಯಾಮತಿಯಲ್ಲೇ ಮದುವೆ ನಡೆಯಿತು. ಆದರೆ ಗಂಡಿನ ಕಡೆಯವರು ಬಂದಿಳಿದ ಬೆಳಿಗ್ಗೆ ಹೆಣ್ಣಿನ ಕಡೆಯ ಹುಡುಗರು, ಬೀಗರ ಸ್ನಾನಕ್ಕೆ ಎಲ್ಡು ವಿಮಾನ ತರ್ಸೀವಿ, ಸಾಕಾಗ್ತಾವಾ ಎಂದು ಕೇಳಿದರಂತೆ. ದೊಡ್ಡಪ್ಪ ತಣ್ಣೀರಿನಲ್ಲೇ ಸ್ನಾನ ಮಾಡಿದರಂತೆ. ನಾವು ಆ ಮದುವೆಗೆ ಹೋಗಲಿಲ್ಲ. ಕೆರೆಯ ಅಂಗಳದಿಂದ ಬಂದ ಮರುದಿನವೇ ದೊಡ್ಡಪ್ಪ, ನಿಮ್ಮ ದಾರಿ ನೀವು ನೋಡ್ಕಳ್ರಿ ಎಂದಿದ್ದರು. ಅಪ್ಪ ಒಪ್ಪಿ, ವಿಮಾನದ ಚೂರುಗಳನ್ನು ಒಂದು ಗೋಣಿಚೀಲಕ್ಕೆ ತುಂಬಿಕೊಂಡ.

ಹೊನ್ನಾಳಿಯಲ್ಲಿ ಅಪ್ಪನಿಗೆ ಟ್ರಾಕ್ಟರ್ ರಿಪೇರಿಯ ಶೆಡ್ಡಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಅವನನ್ನು ಎಲ್ಲರೂ ರುದ್ರಣ್ಣಾರು ಎನ್ನುತ್ತಿದ್ದರು. ಹೊಳೆಯ ಗಾಳಿ ಬೀಸುವ ಓಣಿಯಲ್ಲಿ ಒಂದು ಕೋಣೆ, ಒಂದು ಅಡುಗೆಮನೆಯ ಬಾಡಿಗೆ ಮನೆ. ಆದರೆ ಅಪ್ಪ ನನ್ನ ಜೊತೆ ಮೊದಲಿನಂತೆ ಮಾತಾಡುತ್ತಿರಲಿಲ್ಲ. ಬೇಕಾದದ್ದು ಕೇಳುತ್ತಿದ್ದ, ಕೊಡುತ್ತಿದ್ದ, ಅಷ್ಟೇ. ಒಂದು ಭಾನುವಾರ ಗೋಣಿಚೀಲ ಬಿಚ್ಚಿ ವಿಮಾನದ ಚೂರುಗಳನ್ನು ನೆಲದ ಮೇಲೆ ಹರಡಿಕೊಂಡು ಕೂತ. ಎಂಜಿನ್ ಉಳಿದಿತ್ತು. ನಾನು ಪಕ್ಕದಲ್ಲಿ ಕೂತು ಮುರಿದ ಪಕ್ಕೆಲುಬುಗಳನ್ನು ಜೋಡಿಸಿಡತೊಡಗಿದೆ. ಅವನು ತಲೆ ಎತ್ತದೆ ಹೇಳಿದ:

"ಸಿಟ್ಟು ನಿಂದಿತ್ತು ಗಿರಿಜಾ. ವಿಮಾನ ಇಬ್ರುದೂ ಆಗಿತ್ತು."

ಅವನು ಹೇಳಿದ್ದು ನಿಜ. ಆದರೂ ಆ ಸಂಜೆ ಇನ್ನೊಮ್ಮೆ ಬಂದರೆ ನಾನು ಮತ್ತೆ ಎರಡೂ ಕೈ ಚಾಚಿ ಕೊಡುತ್ತೇನೆ, ಮತ್ತೆ ಅಪ್ಪನ ಮಣಿಕಟ್ಟು ಹಿಡಿಯುತ್ತೇನೆ. ಅಷ್ಟನ್ನು ಅವನಿಗೆ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಇಬ್ರುದಲ್ಲ, ಮೂವರ್ದು. ರೆಕ್ಕೆಗೆ ಬಟ್ಟೆ ಹಾಕಿದೋಳು ನಾನು," ಎಂದಳು. "ನನ್ನ ಪಾಲಿಂದು ನಾನು ಅವತ್ತೇ, ಊರು ನಕ್ಕಾಗ್ಲೇ ವಸೂಲಿ ಮಾಡ್ಕೊಂಡೀನಿ. ನಿಮ್ಮ ಪಾಲಿಂದು ಬೇಕಾದ್ರೆ ನೀವು ಕುಂತು ಅಂಟಿಸ್ಕಳ್ರಿ."